ಒಳ್ಳೆಯ ಕಾಲು

ಬೆರ್ಗೆನ್ನಿನ ಗುಡ್ಡದ ಮೇಲೆ ಟಪಾಲು ಹಂಚಿದವಳು ನಾನು,
ಒಂಬತ್ತು ವರ್ಷ. ಮಳೆಗೆ ಜಾರುವ ಕಲ್ಲು,
ಮರದ ಬಿಳಿ ಮನೆ, ಮನೆಗೊಂದು ಮೆಟ್ಟಿಲ ಸಾಲು.
ಯಾವುದು ಅಲುಗುತ್ತದೆ, ಯಾವುದಕ್ಕೆ ಪಾಚಿ
ಕಣ್ಣಿಗಲ್ಲ, ಅಂಗಾಲಿಗೆ ಗೊತ್ತಿತ್ತು.

ಈಗ ಇಪ್ಪತ್ತೊಂಬತ್ತನೇ ವಾರ.
ಸಾಕ್ಸು ಏರಿಸುವುದೇ ಅರ್ಧ ಪಾಳಿಯ ಕೆಲಸ.
ಪ್ಯಾಂಟು ಕೂತೇ ಹಾಕಬೇಕು; ಒಂಟಿಕಾಲಲ್ಲಿ ನಿಂತರೆ
ಹೊಟ್ಟೆಯ ಬುಡದ ಮೂಳೆಯಲ್ಲಿ
ಯಾರೋ ಒಣ ಸೌದೆ ಸೀಳಿದ ಹಾಗೆ.

ನಮ್ಮ ಮಾತಿನಲ್ಲಿ ಇದಕ್ಕೊಂದು ಹೆಸರಿದೆ,
ಸೊಂಟದ ಸಡಿಲಿಕೆ ಅಂತ.
ಕೇಳಲು ಎಷ್ಟು ಹಿತ! ಹಬ್ಬದ ಊಟವಾಗಿ
ಬೆಲ್ಟನ್ನು ಒಂದು ತೂತು ಹಿಂದೆ ಸರಿಸಿದಂತೆ.
ಹೆಸರಿಟ್ಟವನು ಗಂಡಸೇ ಇರಬೇಕು.

ರಾತ್ರಿ ಮಗ್ಗುಲು ಬದಲಿಸುವುದೆಂದರೆ
ಇಕ್ಕಟ್ಟಿನ ಬಂದರಿನಲ್ಲಿ ಹಡಗು ತಿರುಗಿಸುವುದು.
ಮಂಡಿ ಎರಡೂ ಜೋಡಿಸಿ, ನಡುವೆ ದಿಂಬು ಸಿಕ್ಕಿಸಿ,
ಉಸಿರು ಬಿಡುತ್ತ, ಭುಜ ಸೊಂಟ ಒಟ್ಟೊಟ್ಟಿಗೆ.
ಸ್ಟೈನಾರ್ ಅರೆನಿದ್ದೆಯಲ್ಲೇ ತೋಳು ಚಾಚುತ್ತಾನೆ.
ಎಳೆಯುವುದಿಲ್ಲ. ಗೂಟವಾಗಿ ನಿಲ್ಲುತ್ತದೆ ತೋಳು,
ಹಿಡಿದುಕೊಳ್ಳುತ್ತೇನೆ.
ತಿರುಗಿ ಮುಗಿಯಿತು ಅನ್ನುವಷ್ಟರಲ್ಲಿ
ಮೂತ್ರಕ್ಕೆ ಅವಸರ. ಮತ್ತೆ ಮೊದಲಿಂದ.

ಅಕ್ಕ ಅಂದಳು, ಮಲಗಿಬಿಡು.
ಅತ್ತೆ ಅಂದಳು, ನಡೆ. ಮೀನಿನ ಕಾರ್ಖಾನೆಯಲ್ಲಿ ನಾನು
ಎಂಟು ತುಂಬುವ ತನಕ ನಿಂತಿರಲಿಲ್ಲವೇ?
ಮಲಗಿ ನೋಡಿದೆ ಮೂರು ದಿನ. ಮೈ ಮರಗಟ್ಟಿತು.
ನಡೆದು ನೋಡಿದೆ ಒಂದು ಭಾನುವಾರ, ಕೆರೆಗೆ ಇಡೀ ಸುತ್ತು.
ಬುಧವಾರದ ತನಕ ಬಡ್ಡಿ ಕಟ್ಟಿದೆ.

ಫಿಸಿಯೋ ಗುಡ್ವೈಗ್ ನನ್ನ ಭಾಷೆಯಲ್ಲೇ ಲೆಕ್ಕ ಹೇಳಿದಳು:
ಹದಿನೈದನೇ ಮನೆಯಲ್ಲಿ ನೋವು ಶುರುವಾಗುತ್ತದೆಯೇ?
ಹಾಗಾದರೆ ಹನ್ನೆರಡಕ್ಕೆ ವಾಪಸು ಬಾ.
ನೋವಿನ ಬಾಗಿಲು ತಟ್ಟಿ ಬರಬೇಕಾಗಿಲ್ಲ.
ಆದರೆ ನಾಳೆಯೂ ಹೊರಡು, ಹನ್ನೆರಡಕ್ಕೇ.

ಮಂಗಳವಾರ ಬೆಚ್ಚನೆಯ ಕೊಳ.
ಏಳು ಬಸುರಿಯರು, ಏಳು ಟೊಪ್ಪಿ,
ಗಾಜಿನಾಚೆ ಆಲಿಕಲ್ಲು.
ಕಪ್ಪೆಯ ಹಾಗೆ ಕಾಲು ಅಗಲಿಸಬೇಡಿ, ಅನ್ನುತ್ತಾಳೆ ಅವಳು,
ನಡೆಯಿರಿ ಸಾಕು, ಎದೆಮಟ್ಟ ನೀರಿನಲ್ಲಿ.
ನಡೆಯುತ್ತೇನೆ.
ಯಾರೋ ನನ್ನ ಚೀಲ ಇಸಿದುಕೊಂಡರು ಅನ್ನಿಸುತ್ತದೆ.
ಏಣಿ ಹತ್ತಿ ಮೇಲೆ ಬಂದಾಗ
ತಪ್ಪದೆ ಹಿಂದಕ್ಕೆ ಕೊಡುತ್ತಾರೆ.

ತೂರ್ಮುದ್ ಅಜ್ಜನಿಗೆ ಕಳೆದ ವರ್ಷ ಸೊಂಟದ ಕೀಲು ಬದಲಿಸಿದರು.
ಅರವತ್ತೆರಡು ಮೆಟ್ಟಿಲಿನ ಮೇಲೆ ಅವನ ಮನೆ.
ಪಾರ್ಸಲಿಗೆಂದು ಅಂಚೆಮನೆಗೆ ಬಂದವನು
ಕಟಕಟೆ ಹಿಡಿದು ನಿಂತ ನನ್ನನ್ನು ನೋಡಿ
ಊರುಗೋಲಿನಿಂದ ಮೊದಲ ಮೆಟ್ಟಿಲು ಕುಟ್ಟಿದ:
"ಸ್ವರ್ಗಕ್ಕೆ ಒಳ್ಳೆಯ ಕಾಲು ಮುಂದೆ,
ನರಕಕ್ಕೆ ನೋವಿನದು.
ಆಸ್ಪತ್ರೆಯಲ್ಲಿ ಕಲಿಸಿದ್ದು ಇಷ್ಟೇ, ಮಗಳೇ,
ಉಳಿದದ್ದೆಲ್ಲ ಗಂಜಿ."

ಅಜ್ಜನಿಗೆ ಹೇಳಲಿಲ್ಲ,
ನನ್ನ ಎರಡೂ ಕಾಲು ಪಾಳಿಯ ಮೇಲೆ ಕೆಡುತ್ತವೆ ಅಂತ.
ದಿನಾ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು
ಕೇಳಿಕೊಳ್ಳುತ್ತೇನೆ, ಇವತ್ತು ಒಳ್ಳೆಯದು ಯಾವುದು?
ಕೆಲವು ದಿನ ಎಡ. ಕೆಲವು ದಿನ
ಉತ್ತರ ಬರುವುದಿಲ್ಲ; ಆಗ
ಕೂತು, ಹಿಂದುಹಿಂದಾಗಿ, ಅಂಡೂರಿ ಹತ್ತುತ್ತೇನೆ,
ಒಂದು ವರ್ಷದ ಕೂಸಿನಂತೆ, ನಾಚಿಕೆಯಿಲ್ಲದೆ.

ಇವತ್ತು ಹಾಗೇ, ನಮ್ಮ ಮನೆಯ ಒಂಬತ್ತನೇ ಮೆಟ್ಟಿಲಲ್ಲಿ,
ಬ್ರೆಡ್ಡಿನ ಚೀಲ ತೊಡೆಯ ಮೇಲೆ.
ಒಳಗಿನದು ಒದೆಯಿತು, ಎರಡು ಸಲ.
ಅದಕ್ಕಿನ್ನೂ ಗೊತ್ತಿಲ್ಲ
ಮೆಟ್ಟಿಲು ಅಂದರೇನು ಅಂತ.

ಕೆಳಗಿನಿಂದ ನನ್ನ ಜಾಗಕ್ಕೆ ಬಂದ ಹುಡುಗ,
ಕೆಂಪು ಜಾಕೀಟು ಇನ್ನೂ ಮಡಿಕೆ ಬಿಚ್ಚಿಲ್ಲ,
ಎರಡೆರಡು ಮೆಟ್ಟಿಲು ಹಾರುತ್ತ, ಶಿಳ್ಳೆ ಹಾಕುತ್ತ.
ಹೊಟ್ಟೆಕಿಚ್ಚು ಒಂದು ಕ್ಷಣ ಮೂಳೆಗಿಂತ ಜೋರಾಗಿ ಚುಚ್ಚಿತು.
ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.
ಮೇಲಿನಿಂದ ಮೂರನೆಯದು ಅಲುಗುತ್ತದೆ,
ಅಂದೆ. ಎಡಗಡೆ ಕಾಲಿಡು.