ಯೂ

ಹೆರೆಫರ್ಡಿನಿಂದ ಈ ಕಡೆಗೆ ಬಸ್ಸು ದಿನಕ್ಕೆರಡೇ ಸಲ.
ಇಳಿದವಳು ನಾನೊಬ್ಬಳೇ.
ವಾಪಸು ಮೂರೂವರೆಗೆ, ಆಮೇಲಿಲ್ಲ, ಅಂದ ಡ್ರೈವರು
ನನ್ನ ಉಣ್ಣೆ ಟೋಪಿಯನ್ನೂ ಇಲ್ಲದ ಹುಬ್ಬನ್ನೂ
ನೋಡಿಯೂ ನೋಡದ ಹಾಗೆ.

ಲಿಟ್ಲ್ ಡೆವರ್ನ್. ಒಂದು ಪಬ್ಬು, ಮುಚ್ಚಿದೆ.
ಬೇಲಿಯ ಕಲ್ಲಿನ ಮೇಲೆ ಯಾರೋ ಮಾರಲಿಟ್ಟ ಮೊಟ್ಟೆ,
ಪಕ್ಕದಲ್ಲಿ ಚಿಲ್ಲರೆಯ ಡಬ್ಬಿ, ಕಾವಲಿಲ್ಲ.
ಚರ್ಚಿನ ಗೇಟು ತಳ್ಳಿ
ಮರವನ್ನಲ್ಲ, ಮೊದಲು ನೆಲವನ್ನು ನೋಡಿದೆ.
ಹೊಸ ಮಣ್ಣು ಎಲ್ಲೂ ಇರಲಿಲ್ಲ.

ಐವರ್ ಪ್ರಾಸರ್, ಕುರಿ ಸಾಕುವವನು. ವಾರ್ಡಿನಲ್ಲಿ
ಕಿಟಕಿ ಬದಿಯ ಕುರ್ಚಿ ಅವನದು, ಪಕ್ಕದ್ದು ನನ್ನದು.
ಉಗುರು ಉದುರದಿರಲೆಂದು ಇಬ್ಬರ ಕೈಗೂ
ಮಂಜುಗಡ್ಡೆಯ ಗವಸು.
ತೊಟ್ಟಿಕ್ಕುವ ಚೀಲದ ಕಡೆ ಗದ್ದ ಎತ್ತಿ ಅಂದಿದ್ದ:
ಇದು ನಮ್ಮೂರ ಗೋರಿಗಳ ನಡುವಿನ ಮರದ ಸಂತಾನ.
ಎಲೆ ಹಿಡಿಯಷ್ಟು ಮೆದ್ದರೆ ಹಸು ನಿಂತಲ್ಲೇ ಬೀಳುತ್ತದೆ.
ಅಪ್ಪನ ಎರಡು ಹಾಗೇ ಹೋದವು.
ಈಗ ನೋಡು, ಸರ್ಕಾರದ ಖರ್ಚಿನಲ್ಲಿ ನನಗೇ ಮೇಯಿಸುತ್ತಿದ್ದಾರೆ.
ನಕ್ಕರೆ ಬಾಯಿಹುಣ್ಣು ಉರಿಯುತ್ತದೆ. ಆದರೂ ನಕ್ಕೆವು.
ಮುಂದಿನ ಸರದಿಗೆ ಆ ಕುರ್ಚಿಯಲ್ಲಿ ಬೇರೆ ಯಾರೋ.
ವಾರ್ಡಿನಲ್ಲಿ ಕೇಳುವ ಪದ್ಧತಿಯಿಲ್ಲ.

ಮರ. ಹೌದು, ಮರ.
ಚರ್ಚಿಗಿಂತ ಹಳೆಯದು, ಚರ್ಚಿನ ದೇವರಿಗಿಂತಲೂ ಇರಬಹುದು
ಎಂದು ಬಾಗಿಲ ಹಲಗೆ ಸಂಕೋಚದಿಂದ ಹೇಳುತ್ತದೆ.
ಎತ್ತರವೇನಿಲ್ಲ. ಕತ್ತೆತ್ತಬೇಕಾದೀತು ಅಂದುಕೊಂಡಿದ್ದೆ;
ಇದು ದಾರಿ ನಡುವೆ ಮಲಗಿಬಿಟ್ಟ ಎಮ್ಮೆಯ ಹಾಗೆ
ಏಳುವ ಯೋಚನೆಯೇ ಇಲ್ಲದೆ ಇದೆ.
ಒಂದು ಕೊಂಬೆಗೆ ಊರುಗೋಲು. ಸೊಂಟಕ್ಕೆ ಕಬ್ಬಿಣದ ಪಟ್ಟಿ,
ಪಟ್ಟಿಯನ್ನೂ ನುಂಗಿಕೊಂಡು ಬೆಳೆದ ತೊಗಟೆ.
ಒಳಗೆ ಪೊಳ್ಳು. ತಿರುಳು ಯಾವತ್ತೋ ಹೋಗಿದೆ,
ಅಂಚಿನಲ್ಲಷ್ಟೇ ಜೀವ.
ಆ ಪೊಳ್ಳಿನಲ್ಲಿ ಯಾರೋ ಬೆಂಚು ಹಾಕಿದ್ದಾರೆ.

ಕೂತೆ.

ನನ್ನ ತಾತ ನಂಜುಂಡಯ್ಯ. ಸೋದರತ್ತೆ ನಂಜಮ್ಮಣ್ಣಿ.
ನಂಜನಗೂಡಿನ ಸುತ್ತ ಮನೆಗೊಬ್ಬರಾದರೂ ಹೀಗೆ.
ಕೂಗಿ ಕೂಗಿ ಸವೆದ ಹೆಸರಿನೊಳಗೆ
ನಂಜು ಇದೆಯೆಂದು
ಐವತ್ತಮೂರು ವರ್ಷ ನನಗೆ ಕೇಳಿಸಿಯೇ ಇರಲಿಲ್ಲ.
ಕಪಿಲೆಯಲ್ಲಿ ಮಿಂದು ಉರುಳುವವರ ಒದ್ದೆ ಗುರುತನ್ನು
ದಾಟಿಕೊಂಡು ಶಾಲೆಗೆ ಹೋಗುತ್ತಿದ್ದವಳು ನಾನು.
ಶಿವ ಕುಡಿದ ವಿಷ ಎಲ್ಲಿ ನಿಂತಿತು?
ಗಂಟಲಲ್ಲಿ. ಒಂದು ಅಂಕ.
ನನಗೆ ನಿಂತದ್ದು ಹೆಗಲೆಲುಬಿನ ಕೆಳಗೆ
ಚರ್ಮದಡಿ ಹೂತಿಟ್ಟ ಸಣ್ಣ ಬಿಲ್ಲೆಯಲ್ಲಿ, ಅಲ್ಲಿಂದ ಎಲ್ಲ ಕಡೆ.
ಹಿಂಡಿ ಹಿಡಿಯಲು ಪಾರ್ವತಿಯ ಕೈ ಇರಲಿಲ್ಲ,
ಪಂಪೊಂದು ಕುಯ್ಯೆನ್ನುತ್ತಿತ್ತು.

ಬಾಡಿದ ಹೂವಿನ ಬಕೆಟ್ಟು ಹಿಡಿದು ಬಂದ ಮಿಸೆಸ್ ಪ್ರೊಬರ್ಟ್
ಹಣ್ಣು ಮುಟ್ಟಬೇಡಿ ಅಂದಳು.
ಕೆಂಪು ತೊಳೆಯೊಂದು ಬಿಟ್ಟು ಉಳಿದದ್ದೆಲ್ಲ ವಿಷ,
ಹಕ್ಕಿಗಳು ನುಂಗುತ್ತವೆ, ಬೀಜ ಕಚ್ಚುವುದಿಲ್ಲ.
ಗೊತ್ತು ಅಂದೆ.
ಟೋಪಿ ನೋಡಿದಳು. ಬಕೆಟ್ಟು ಕೆಳಗಿಟ್ಟಳು.
ಬರುತ್ತಾರೆ, ಅಂದಳು, ಒಬ್ಬೊಬ್ಬರೇ. ಟೋಪಿ ಹಾಕಿಕೊಂಡು.
ಐವರನ ಹೆಸರು ನನ್ನ ನಾಲಿಗೆಯ ತನಕ ಬಂತು.
ಬೀಜ ನಾನೂ ಕಚ್ಚಲಿಲ್ಲ.

ಅವಳು ಹೋದ ಮೇಲೆ ಒಂದು ಸುತ್ತು ಬಂದೆ, ಬಲಕ್ಕೆ,
ಕಾಲಿಗೆ ಅದೊಂದೇ ಗೊತ್ತು. ಬೇರು ಎಡವಿಸಿತು.
ಕೈಯೂರಿದ್ದು ತೊಗಟೆಗೇ.
ಇದರ ವಯಸ್ಸು ಎಣಿಸಲಾಗದಂತೆ, ಉಂಗುರಗಳಿದ್ದ ನಡುವೇ ಇಲ್ಲ.
ತೊಗಟೆಯ ಮೇಲೆ ನನ್ನ ಉಗುರುಗಳಿದ್ದವು,
ಉದುರಿರಲಿಲ್ಲ, ಅಡ್ಡಕ್ಕೆ ಆರು ಗೆರೆ, ಸರದಿಗೊಂದರಂತೆ.
ಮೊದಲನೆಯದು ತುದಿಗೆ ಬಂದಿದೆ.
ಈ ಭಾನುವಾರ ಕತ್ತರಿಸಬಹುದು.

ಮೂರು ಇಪ್ಪತ್ತೊಂಬತ್ತಕ್ಕೆ ಬಸ್ಸು.
ಏನು ನೋಡೋಕೆ ಬಂದಿದ್ದಿರಿ ಇಷ್ಟು ದೂರ?
ಯೂ, ಅಂದೆ.
ಡ್ರೈವರು ಕೆಂಪಗಾಗಿ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು
ಗೇರು ಹಾಕಿದ.