ಕಲ್ಲಿನ ಗುರುತು

ಹಂಪನಕಟ್ಟೆಯ ಅಂಗಡಿಯಲ್ಲಿ ತಂಝೀಲ್ ಕೇಳಿದ:
"ಕ್ಯಾಮೆರಾ ಎಷ್ಟು ಬೇಕು ತಾಂಡೇಲರೇ? ಗೇಮ್ ಆಡ್ಲಿಕ್ಕುಂಟಾ?"
ನಾನು ಹಳೇ ಬೋಟು ಕೊಳ್ಳುವವನ ಹಾಗೆ
ಬಣ್ಣ ಬಿಟ್ಟು ಅಡಿ ನೋಡಿದೆ.
ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತದೆ,
ಬಿದ್ದರೆ ಗಾಜು ತಡೆಯುತ್ತದಾ,
ಉಪ್ಪುಗಾಳಿಗೆ ಚಾರ್ಜಿನ ಬಾಯಿ ಎಷ್ಟು ಮಳೆಗಾಲ ಬಾಳುತ್ತದೆ.
ಅರ್ಧ ಬೆಲೆಗೊಂದು ಸೆಕೆಂಡ್‌ಹ್ಯಾಂಡ್ ಇತ್ತು, ಅಗಲ ಪರದೆ,
ಬೆನ್ನಲ್ಲಿ ಯಾರದೋ ಸ್ಟಿಕ್ಕರ್ ಕಿತ್ತ ಅಂಟು.
ಬೇಡ ಅಂದೆ. ತೂತು ಮುಚ್ಚಿ ಮಾರಿದ ದೋಣಿ
ಅಳಿವೆ ದಾಟಿದ ಮೇಲೆ ಮಾತಾಡುತ್ತದೆ.

ಪ್ರಾಪ್ತಿ ಈಗ ಏಳನೇ ಕ್ಲಾಸು.
ಬೆಂಗ್ರೆಯಿಂದ ಬಂದರಿಗೆ ಬೆಳಗಿನ ದೋಣಿ,
ಟ್ಯೂಷನ್ ಮುಗಿಸಿ ಕತ್ತಲಾಗುವಾಗ ವಾಪಸ್.
ಹೋದ ಮಾರ್ಚಿನಲ್ಲಿ ಮೋಟಾರು ಕೆಟ್ಟು
ನಡುಹೊಳೆಯಲ್ಲಿ ಒಂದು ಗಂಟೆ ನಿಂತಿತ್ತಂತೆ.
ನನಗೆ ಗೊತ್ತಾದದ್ದು ಒಂಬತ್ತು ದಿನದ ಮೇಲೆ,
ದಕ್ಕೆಯಲ್ಲಿ ಬೊಂಡಾಸ ಇಳಿಸುವಾಗ, ಬೇರೆಯವರ ಬಾಯಲ್ಲಿ.
ಹಾಗಾಗಿ ಫೋನು.

ಮನೆಗೆ ತಂದು ಚಾಪೆಯ ಮೇಲಿಟ್ಟೆವು.
ಹೇಮಲತಾ ಬಲೆಯ ಸೂಜಿ ಕೆಳಗಿಡದೆಯೇ ಹೇಳಿದಳು:
"ಅದು ರಾತ್ರಿ ಅಡುಗೆಕೋಣೆಯಲ್ಲಿ ಮಲಗಲಿ."
ಮೊದಲ ಕಾನೂನು ಅದೇ ಆಯಿತು.
ಫೋನು ಹುಟ್ಟಿದ ವರ್ಷ ಕೇಳಿತು.
ಮಗಳು ಆರು ವರ್ಷ ಹಿಂದಕ್ಕೆ ಒತ್ತಲು ಹೊರಟಳು.
"ಕ್ಲಾಸಲ್ಲಿ ಎಲ್ಲರೂ ಹಾಗೇ ಅಪ್ಪಾ."
ಹನ್ನೆರಡು ಅಂದರೆ ಹನ್ನೆರಡೇ,
ಬೆರಳು ಹಿಡಿದು ನಾನೇ ಒತ್ತಿಸಿದೆ.

ನನ್ನ ಬೋಟಿನಲ್ಲೂ ಒಂದು ಪರದೆ ಉಂಟು.
ಅದರ ತುಂಬ ಮುನ್ನೂರು ಚಿಲ್ಲರೆ ಕಲ್ಲುಗಳ ಗುರುತು:
ನೀರಡಿಯ ಪಾರೆ, ಮುಳುಗಿದ ಹಡಗಿನ ಕಬ್ಬಿಣ,
ಬಲೆ ಸಿಕ್ಕಿ ಹರಿದ ಒಂದೊಂದು ಜಾಗ.
ಅರ್ಧ ನಾನು ಬಲೆ ಕಳಕೊಂಡು ಕಲಿತದ್ದು,
ಅರ್ಧ ಬೇರೆ ತಾಂಡೇಲರು ವೈರ್‌ಲೆಸ್ಸಿನಲ್ಲಿ ಕೂಗಿ ಕೊಟ್ಟದ್ದು.
ಇಲ್ಲೂ ಹಾಗೇ ಕೂತೆ, ಕನ್ನಡಕ ಹಾಕಿ.
ಗುರುತಿಲ್ಲದವರ ಮೆಸೇಜು ಬರಕೂಡದು.
ಹಣ ಕೇಳುವ ಆಟ ಬೇಡ, ಕೇಳದ್ದು ಇರಲಿ.
ಹೊಸ ಆ್ಯಪಿಗೆ ನನ್ನ ಒಪ್ಪಿಗೆ.
ಎಂಟೂವರೆಗೆ ಪರದೆ ಕಪ್ಪು ಅಂದೆ,
ಒಂಬತ್ತು ಅಂದಳು, ಒಂಬತ್ತಾಯಿತು.
ಲೊಕೇಶನ್ ಒತ್ತಿದಾಗ ಒಂದು ನೀಲಿ ಚುಕ್ಕಿ
ಹೊಳೆಗೂ ಕಡಲಿಗೂ ನಡುವೆ ನಮ್ಮ ಮರಳಿನ ಗೆರೆಯ ಮೇಲೆ ಬಂದು ಕೂತಿತು.

"ನಿಮ್ಮದೂ ಕಾಣ್ತದಾ ನಂಗೆ?"
ಕಾಣ್ತದೆ, ಸುರತ್ಕಲ್ ಲೈಟ್‌ಹೌಸಿನ ಬೆಳಕು ಇರುವವರೆಗೆ.
"ಆಮೇಲೆ?"
ಆಮೇಲೆ ಚುಕ್ಕಿ ಅಲ್ಲೇ ನಿಂತಿರುತ್ತದೆ.
ಅಲ್ಲಿ ನಾನು ಇರುವುದಿಲ್ಲ.
ಅವಳು ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.
ಒಪ್ಪಿಗೆ ಕೊಡಬೇಕಾದವನಿಗೇ ರೇಂಜಿಲ್ಲ ಎಂಬುದು
ನನಗೂ ಆಗಲೇ ಹೊಳೆದದ್ದು.

ಕೊನೆಗೆ ನಾಲ್ಕಂಕಿಯ ಕೀಲಿ.
ಬೆನ್ನು ತಿರುಗಿಸಿ ಒತ್ತಿದೆ,
ಹೇಮಲತಾಳ ಕಿವಿಯಲ್ಲಿ ಹೇಳಿದೆ.

ಎರಡು ತಿಂಗಳ ರಜೆ ಮುಗಿದು ಆಗಸ್ಟ್ ಒಂದು,
ಬೆಳಗಿನ ಜಾವ ಮೂರು ಗಂಟೆ, ಆಚೆ ದಡದಲ್ಲಿ ಐಸು ತುಂಬುವ ಸದ್ದು.
ಹೊಸ್ತಿಲಲ್ಲಿ ಹಿಂದಿನಿಂದ ಅಂಗಿ ಎಳೆದಳು.
"ಅಪ್ಪಾ, ನಂಬರು ಬದಲಿಸಿ."
ಯಾಕೆ?
"ಬೋಟಿನ ನಂಬರಲ್ವಾ. ಒಂದೇ ಸಲಕ್ಕೆ ತೆರೆಯಿತು."
ತೆರೆದು ಎಂತ ಮಾಡಿದಿ?
"ಎಂತ ಇಲ್ಲ. ಮುಚ್ಚಿದೆ."
ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು.
ದೋಣಿಯವನು ಎರಡು ಸಲ ಕೂಗಿದ.
ಟಾರ್ಚಿನ ಬೆಳಕಲ್ಲಿ ನಾನು ಹೊಸ ಅಂಕಿ ಒತ್ತುವಾಗ
ನಾನು ಹೇಳದೆಯೇ ಅವಳು
ಗೋಡೆಯ ಕಡೆ ತಿರುಗಿ ನಿಂತಳು.

ಇವತ್ತು ನಾಲ್ಕನೇ ದಿನ. ಸುತ್ತ ನೀರು.
ಆ ಹೊಸ ಅಂಕಿ ನನಗೇ ಮರೆತುಹೋಗಿದೆ.
ವೈರ್‌ಲೆಸ್ಸಿನಲ್ಲಿ ಯಾರೋ ಕೂಗುತ್ತಾನೆ, ಮಲ್ಪೆಯವನಿರಬೇಕು:
ಎಡಕ್ಕೆ ಕಲ್ಲುಂಟು ಮಾರಾಯ, ಬಲೆ ಎತ್ತು.
ನನ್ನ ಪರದೆಯಲ್ಲಿ ಅಲ್ಲೇನೂ ಇಲ್ಲ.
ಎತ್ತುತ್ತೇನೆ.