ಸಿಕ್ಕಿದ್ದು: ಸಮುದ್ರದಲ್ಲಿ

ಮೂರು ಯೂರೋಗೆ ಎರಡೂವರೆ ಸಾವಿರ ವರ್ಷ.
ಐದರ ನೋಟು ಇಸಕೊಂಡು, ಚಿಲ್ಲರೆಯಿಲ್ಲವೆಂದು
ಎರಡು ಕಿತ್ತಳೆ ಕೊಟ್ಟಳು ಥೆಮೆಲೀನಾ.
ಬಂದರಿನ ಹಿಂದಿನ ಓಣಿ; ಹಿಂದೊಮ್ಮೆ ಸುಂಕದ ಕಟ್ಟೆ,
ಈಗ ಮ್ಯೂಸಿಯಂ. ಒಳಗೆ ನಾನು, ಅವಳು,
ಆಗಾಗ ತಿರುಗಲು ಮರೆಯುವ ಒಂದು ಫ್ಯಾನು.

ಮೊದಲ ಗಾಜಿನೊಳಗೆ ಗಾಳಗಳು.
ಕಂಚು ಹಸಿರುಗಟ್ಟಿದೆ, ಕೊಂಕು ಹಾಗೇ ಇದೆ.
ಬರುವಾಗ ಕಟ್ಟೆಯ ಮೇಲೆ ಹುಡುಗನೊಬ್ಬ
ಇಂಥದೇ ಕೊಂಕಿಗೆ ಹಿಟ್ಟಿನುಂಡೆ ಚುಚ್ಚುತ್ತಿದ್ದ;
ಇಷ್ಟು ಕಾಲದಲ್ಲಿ ಮೀನು ಏನೂ ಕಲಿತಿಲ್ಲ.
ಪಕ್ಕದಲ್ಲಿ ಮಗ್ಗದ ಗುಂಡುಗಳು, ಮಣ್ಣಿನವು, ತೂತಿನವು.
ನೂಲೆಲ್ಲ ಕೊಳೆತು
ನೂಲನ್ನು ಜಗ್ಗಿ ಹಿಡಿದ ಭಾರ ಉಳಿದಿದೆ.

ಮೂತಿಯಿರುವ ಪುಟ್ಟದೊಂದು ಪಾತ್ರೆ.
ಚೀಟಿಗೆ ಅನುಮಾನ: ದೀಪಕ್ಕೆ ಎಣ್ಣೆ ಹುಯ್ಯಲು ಇದ್ದೀತು.
ಅನುಮಾನವೇಕೆ ಸ್ವಾಮಿ, ಒಳಲೆ ಅದು.
ಮೂತಿಯಂಚಿನಲ್ಲಿ ಎಳೆ ಹಲ್ಲಿನ ಗೀರು.
ಒಂದು ಮೊಳದ ಗೋರಿಯಲ್ಲಿತ್ತಂತೆ.
ಮುಂದಿನ ಗಾಜಿಗೆ ಹೋದೆ.

ರೋಮಿನವರ ಕೋಣೆಗೆ ಎರಡು ಮೆಟ್ಟಿಲು ಹೆಚ್ಚು.
ಅಲ್ಲೊಬ್ಬ ಅಧಿಕಾರಿ, ನಿಲುವಂಗಿಯ ನಿರಿನಿರಿಯೂ ಅಮೃತಶಿಲೆ,
ಕುತ್ತಿಗೆಯ ಜಾಗದಲ್ಲಿ ಒರಳಿನಂಥ ಗುಳಿ.
‘ಮುರಿದದ್ದಲ್ಲ, ತಲೆಯನ್ನು ಬೇರೆ ಕೆತ್ತಿ ಕೂರಿಸುತ್ತಿದ್ದರು.
ಇವನಿಗೆ ವರ್ಗವಾಗಿ ಹೊಸಬ ಬಂದರೆ
ತಲೆಯಷ್ಟೇ ಬದಲು. ಮೈ ಊರಿನ ಖರ್ಚು.
ನಮ್ಮ ಪುರಸಭೆಗೂ ಹೇಳಬೇಕು’
ಎಂದು ನಕ್ಕಳು ಥೆಮೆಲೀನಾ.
ಅವನ ಕಾಲಬುಡದಲ್ಲಿ ಸೀಸದ ತಗಡು,
ಮಡಚಿ ಮೊಳೆ ಹೊಡೆದ ಶಾಪ:
ನನ್ನ ದೋಣಿಯ ಹುಟ್ಟು ಕದ್ದವನ ತೋಳು ಸೇದಿಹೋಗಲಿ.
‘ಕೆಳಗಿನ ಮನೆಯವರದೇ ಕೆಲಸ.
ಅವರಿಗೆ ಈಗಲೂ ಆ ಚಾಳಿ.’

ಕೊನೆಯ ಮೂಲೆಯಲ್ಲಿ ಎರಡು ಕಿವಿಯ ಗುಡಾಣ,
ಮೈತುಂಬ ಚಿಪ್ಪು, ಕಡಲಹುಳದ ಸುಣ್ಣದ ಗೂಡು.
ಗಾಜಿಲ್ಲ, ಅಡ್ಡಕ್ಕೊಂದು ಹಗ್ಗ.
ಹಗ್ಗದ ಈಚೆ ಅವಳ ಕುರ್ಚಿ.
ಫ್ಯಾನಿನ ಗಾಳಿ ಇಲ್ಲಿಯತನಕ ಬರುವುದಿಲ್ಲ.
ಚೀಟಿ ಓದಿದೆ: ದ್ರಾಕ್ಷಾರಸದ ಗುಡಾಣ. ಸಿಕ್ಕಿದ್ದು: ಸಮುದ್ರದಲ್ಲಿ.

ಸಿಕ್ಕಿದ್ದು.
ತಾನೇ ಈಜಿಬಂದು, ಮೈ ಒರೆಸಿಕೊಂಡು,
ಕಟ್ಟೆ ಹತ್ತಿ ಕೂತ ಹಾಗೆ.

ಮೂವತ್ತೈದು ಮಾರು ಕೆಳಗೆ ಸ್ಪಂಜು ಕೊಯ್ಯಲು ಇಳಿದಿದ್ದ
ಅವಳಪ್ಪ ಸಕೆಲ್ಲಾರಿಸ್.
ಹಗ್ಗಕ್ಕೆ ಇದರ ಕಿವಿ ಬಿಗಿದು ಎರಡು ಸಲ ಜಗ್ಗಿದ.
ಗುಡಾಣ ನಿಧಾನ ಮೇಲೆ ಹೋಯಿತು,
ಹಿಂದೆಯೇ ಅವನು, ಬೇಗ.
ಬೇಗ ಬರಬಾರದು. ರಕ್ತದಲ್ಲಿ ಗಾಳಿ ಗುಳ್ಳೆಯೇಳುತ್ತದೆ.
ಆಮೇಲೆ ಇಪ್ಪತ್ತಾರು ವರ್ಷ ಎಡಗಾಲು ಎಳೆದ,
ಮನೆಯಿಂದ ಕಾಫಿಯಂಗಡಿಗೆ, ಅಂಗಡಿಯಿಂದ ಮನೆಗೆ.
ಇಲ್ಲಿಗೆ ಒಂದೇ ಸಲ ಬಂದ.
ಟಿಕೆಟು ಕೊಂಡು.

ಹೆಸರು ಬರೆಸಬಾರದೆ, ಎಂದೆ.
‘ಅರ್ಜಿ ಹಾಕಿದ್ದೇನೆ. ಅಥೆನ್ಸಿನಿಂದ ಉತ್ತರ ಬರಬೇಕು.’
ಯಾವಾಗ ಹಾಕಿದ್ದು ಎಂದು ಕೇಳಲಿಲ್ಲ.
ಸುಂಕದವರ ಮುಂದೆ ಹೇಳಿಕೊಂಡ ಸುಖದುಃಖ,
ಕಟ್ಟಡ ಹಳೆಯ ಕಸುಬು ಮರೆತಿಲ್ಲ.

ಮೂರಕ್ಕೆ ಬಾಗಿಲು.
ಹೊಸ್ತಿಲಲ್ಲಿ ನಿಂತು ಕಿತ್ತಳೆ ಸುಲಿದೆ, ಹುಳಿ.
ಒಳಗೆ ಅವಳು ಅಧಿಕಾರಿಯ ದೀಪ ಆರಿಸಿದಳು,
ಒಳಲೆಯ ಗಾಜಿನ ಮೇಲಿದ್ದ ಯಾರದೋ ಬೆರಳಚ್ಚು ಒರೆಸಿದಳು,
ಕುರ್ಚಿ ಸರಿಸಿ, ಕೊಕ್ಕೆಯಲ್ಲಿ ಸಿಕ್ಕಿಸಿದ ಹಗ್ಗವನ್ನು
ಎರಡು ಸಲ ಜಗ್ಗಿದಳು.